ಸಂಚಕಾರ ಕೊಟ್ಟವರು ಯಾರು?

ಮಳೆ ಹಿಡಿಯಿತೆಂದರೆ ಉಜಿರೆ ಕಡೆಯ ವರದಿಗಳಲ್ಲಿ ಒಂದು ತಲೆಬರಹ ತಪ್ಪುವುದಿಲ್ಲ: ‘ಅಪಾಯಕ್ಕೆ ಆಹ್ವಾನ’. ಆಹ್ವಾನಿಸುವುದು ಒಮ್ಮೆ ರಸ್ತೆಗೆ ಬಾಗಿದ ಮರ, ಒಮ್ಮೆ ತಡೆಗೋಡೆ ಮುರಿದ ಸೇತುವೆ, ಇನ್ನೊಮ್ಮೆ ಚಾರ್ಮಾಡಿ ಘಾಟಿಯ ತಿರುವು. ಮದುವೆ ಕಾಗದ ಹಿಡಿದ ನೆಂಟನಂತೆ ಮರ ನಿಂತಿರುತ್ತದೆ. ಅದರ ಬುಡದ ಮಣ್ಣು ತೆಗೆಸಿದವರು ಯಾರೆಂದು ವರದಿಯ ಕೊನೆಯ ಸಾಲಿನವರೆಗೂ ತಿಳಿಯುವುದಿಲ್ಲ.

ಇಂಗ್ಲಿಷಿನವರಿಗೆ ಇದಕ್ಕೆ ಇಡಿಯಾದ ಕ್ರಿಯಾಪದಗಳೇ ಇವೆ: ಎಂಡೇಂಜರ್, ಇಂಪೆರಿಲ್, ಜೆಪರ್ಡೈಸ್. ನಮ್ಮಲ್ಲಿ ನಾಮಪದಕ್ಕೆ ಒಂದು ಬಾಲ ಕಟ್ಟಬೇಕು. ಅಪಾಯಕ್ಕೆ ಒಡ್ಡು, ಕುತ್ತು ತರು, ಗಂಡಾಂತರಕ್ಕೆ ನೂಕು ಎಂದರೆ ಮಾಡಿದವನು ಎದುರಿಗಿರುತ್ತಾನೆ. ಅಪಾಯ ಆಯಿತು, ಬಂತು, ಎದುರಾಯಿತು ಎಂದರೆ ಮಾಯ. ನಮ್ಮ ಕೈ ಯಾವಾಗಲೂ ಎರಡನೆಯ ಬಾಲಕ್ಕೇ ಹೋಗುತ್ತದೆ. ‘ದುಡುಕುತನ ಹಾಗೂ ನಿರ್ಲಕ್ಷ್ಯತನದಿಂದ, ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ’ ಎಂಬ ಠಾಣೆಯ ಸಾಲಿನಲ್ಲಿ ಚಾಲಕನಾದರೂ ಸಿಕ್ಕಿಬೀಳುತ್ತಾನೆ. ಗುಂಡಿ ಮುಚ್ಚದವರು ಸಿಕ್ಕಿಬೀಳುವುದಿಲ್ಲ. ಜೀಪಿನವರಿಗೆ ಇದಾವುದರ ರಗಳೆಯೇ ಇಲ್ಲ: ‘ಈಗ ಘಾಟಿ ಹತ್ಬೇಡಿ ಮಾರಾಯ್ರೆ, ಡೇಂಜರ್!’

ಪದಗಳ ಪೂರ್ವಾಶ್ರಮ ನೋಡಿದರೆ ಮಜವಿದೆ. ಅಪಾಯವೆಂದರೆ ಮೊದಲಿಗೆ ಬರೀ ಅಗಲಿಕೆ. ಪಾಣಿನಿ ಅಪಾದಾನ ಕಾರಕವನ್ನು ವಿವರಿಸುವಾಗ ಈ ಪದ ಬಳಸುವುದು ಅದೇ ಅರ್ಥದಲ್ಲಿ. ಮರದಿಂದ ಎಲೆ ಬಿದ್ದರೂ ಅಪಾಯವೇ. ಗಂಡಾಂತರಕ್ಕೆ ಜಾತಕದ ನಂಟು. ‘ಹುಡುಗನಿಗೆ ನೀರಿನ ಗಂಡ ಉಂಟು’ ಎಂದು ಜೋಯಿಸರು ಅಂದರೆ ಅಲ್ಲೂ ದೂರುವುದಕ್ಕೆ ಗ್ರಹಗಳು ಮಾತ್ರ.

ನನಗೆ ಪ್ರಿಯವಾದದ್ದು ಸಂಚಕಾರ. ಸಂಸ್ಕೃತದ ಸತ್ಯಂಕಾರ ಸವೆದು ಆದ ಪದ. ಅರ್ಥ, ವ್ಯವಹಾರ ಕುದುರಿತೆಂದು ಮೊದಲೇ ಕೊಡುವ ಹಣ. ತೋಟದ ಮಾತುಕತೆ ಮುಗಿದಾಗ ಈಗ ನಾವು ‘ಅಡ್ವಾನ್ಸ್’ ಎನ್ನುವುದು ಅದಕ್ಕೇ. ನಮ್ಮ ಕಡೆಯ ಪೇಟೆಯಲ್ಲಿ ಸಂಚಕಾರ ಹೆಚ್ಚುಕಡಿಮೆ ಸತ್ತಿತು, ಪ್ರಾಣದ ವಿಷಯದಲ್ಲಿ ಉಳಿಯಿತು. ಜೀವಕ್ಕೆ ಸಂಚಕಾರ ಬಂತು ಎಂದರೆ ಸಾವು ಬಂದು ಮುಂಗಡ ಕೊಟ್ಟು ಹೋಗಿದೆ, ಬಾಕಿ ತೀರಿಸಿ ಜೀವ ಒಯ್ಯುವುದಷ್ಟೇ ಉಳಿದಿದೆ ಎಂದಾಗುತ್ತದೆ. ಇಂಗ್ಲಿಷಿನ ಜೆಪರ್ಡಿ ಹುಟ್ಟಿದ್ದು ಸೋಲು ಗೆಲುವು ಸಮಸಮವಾಗಿರುವ ಆಟವನ್ನು ಹೇಳುವ ಹಳೆಯ ಫ್ರೆಂಚ್ ಮಾತಿನಿಂದ. ಅವರದು ಜೂಜು, ನಮ್ಮದು ಕ್ರಯ. ಜೂಜಿನಲ್ಲಿ ಗೆಲ್ಲುವ ಆಸೆಯಾದರೂ ಇರುತ್ತದೆ. ಕ್ರಯದಲ್ಲಿ ಅದಿಲ್ಲ, ಆದರೆ ಕೊಟ್ಟವರು ತೆಗೆದುಕೊಂಡವರು ಇಬ್ಬರು ಇರಲೇಬೇಕು. ಅದಕ್ಕೇ ‘ಗುಂಡಿಯಿಂದ ಪ್ರಾಣಕ್ಕೆ ಸಂಚಕಾರ’ ಎಂದು ಓದಿದಾಗಲೆಲ್ಲ, ಮುಂಗಡ ಯಾರ ಕಿಸೆ ಸೇರಿತು ಎಂದು ಕೇಳಬೇಕೆನಿಸುತ್ತದೆ.

ಕಾಡಿನ ಪ್ರಾಣಿಗಳಿಗೆ ನಾವು ಬೇರೆಯೇ ಮಾತು ಇಟ್ಟಿದ್ದೇವೆ: ಅಳಿವಿನಂಚು. ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಸಿಂಗಳೀಕ ಅಳಿವಿನಂಚಿನಲ್ಲಿದೆ ಎಂದು ಬರೆಯುತ್ತೇವೆ. ತಾನಾಗಿ ನಡೆದುಹೋಗಿ ಆ ಅಂಚಿನಲ್ಲಿ ಕೂತಿತೇನೋ ಎಂಬ ಹಾಗೆ.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಜರಿದು ರಸ್ತೆ ಮುಚ್ಚಿತು, ಕೆಳಗೆ ಮೃತ್ಯುಂಜಯ ಹೊಳೆ (ಹೆಸರು ನೋಡಿ!) ತೋಟಗಳಿಗೆ ನುಗ್ಗಿತು. ಆಗ ಎಲ್ಲರೂ ಬರೆದ ಪದ ‘ಪ್ರಕೃತಿ ವಿಕೋಪ’. ಅಂತೂ ಒಬ್ಬ ಕರ್ತೃ ಸಿಕ್ಕಿದ. ಸಮನ್ಸ್ ಕಳಿಸುವುದಕ್ಕೆ ವಿಳಾಸವಿಲ್ಲದ ಕರ್ತೃ.