ಮಿದುಳಿನ ಇಂಧನವನ್ನು ಅಳೆದ ವಿಜ್ಞಾನಿ: ಲೂಯಿ ಸೊಕೊಲಾಫ್

‘ಪೆಟ್ ಸ್ಕ್ಯಾನ್’ ಎಂಬ ಮಾತು ನಮ್ಮ ಕುಟುಂಬಗಳಿಗೆ ಈಗ ಅಪರಿಚಿತವಲ್ಲ. ಊರಿನಲ್ಲಿರುವ ಹಿರಿಯರ ವೈದ್ಯಕೀಯ ವರದಿಗಳಲ್ಲಿ ಅದು ಆಗಾಗ ಕಾಣಿಸಿಕೊಳ್ಳುತ್ತದೆ. ಇಂದು ಈ ಪರೀಕ್ಷೆಯನ್ನು ಬಹುಮಟ್ಟಿಗೆ ಕ್ಯಾನ್ಸರ್ ರೋಗಿಗಳಿಗೆ ಮಾಡುತ್ತಾರೆ. ಆದರೆ ಅದರಲ್ಲಿ ಬಳಸುವ ಸಕ್ಕರೆಯಂತಹ ದ್ರವ್ಯದ ಹಿಂದಿನ ತತ್ತ್ವವು ರೂಪುಗೊಂಡದ್ದು ಬೇರೊಂದು ಪ್ರಶ್ನೆಯಿಂದ: ಮಿದುಳಿನ ಯಾವ ಭಾಗ, ಯಾವ ಹೊತ್ತಿನಲ್ಲಿ, ಎಷ್ಟು ಇಂಧನವನ್ನು ಬಳಸುತ್ತದೆ? ಈ ಪ್ರಶ್ನೆಯನ್ನು ಕಾಲು ಶತಮಾನಕ್ಕೂ ಮಿಕ್ಕಿ ಬೆನ್ನಟ್ಟಿದವರು ಅಮೆರಿಕದ ಲೂಯಿ ಸೊಕೊಲಾಫ್.

ಸೊಕೊಲಾಫ್ 1921ರಲ್ಲಿ ಫಿಲಡೆಲ್ಫಿಯಾದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಆಸ್ತಿಯನ್ನು ಯಾರಾದರೂ ಕಿತ್ತುಕೊಳ್ಳಬಹುದು, ತಲೆಯೊಳಗಿರುವುದನ್ನು ಯಾರೂ ಕಿತ್ತುಕೊಳ್ಳಲಾರರು, ಆದ್ದರಿಂದ ಅಂತಹ ವೃತ್ತಿಯನ್ನೇ ಆರಿಸಿಕೊ ಎಂದು ಅಜ್ಜ ನೀಡಿದ ಸಲಹೆಯನ್ನು ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. 1946ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಸೇನೆಯಲ್ಲಿ ಮನೋರೋಗಿಗಳ ಚಿಕಿತ್ಸೆ ಮಾಡಿದರು. 1949ರಲ್ಲಿ ಸೀಮೋರ್ ಕೆಟಿಯವರ ಪ್ರಯೋಗಾಲಯವನ್ನು ಸೇರಿದರು.

ಮನುಷ್ಯನ ಮಿದುಳಿನ ರಕ್ತಸಂಚಾರವನ್ನು ಅಳೆಯುವ ವಿಧಾನವನ್ನು ಕೆಟಿಯವರು ಕಾರ್ಲ್ ಶ್ಮಿಟ್ ಅವರೊಡನೆ ಆಗಲೇ ರೂಪಿಸಿದ್ದರು. ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿಸಿ, ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಮರಳುವ ರಕ್ತವನ್ನು ಹೋಲಿಸಿ ಲೆಕ್ಕ ಹಾಕುವುದು ಅದರ ಕ್ರಮ. ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ಉಪಯೋಗಿಸುತ್ತದೆ.

ಹಾಗಾದರೆ ಗಾಢವಾಗಿ ಆಲೋಚಿಸುವಾಗ ಈ ಪ್ರಮಾಣ ಏರಬೇಕಲ್ಲವೇ? ಸೊಕೊಲಾಫ್ ಮತ್ತು ಸಂಗಡಿಗರು ಸ್ವಯಂಸೇವಕರಿಂದ ಬಾಯಿಲೆಕ್ಕ ಮಾಡಿಸಿ ಅಳೆದರು. 1955ರಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು: ಒಟ್ಟು ಬಳಕೆಯಲ್ಲಿ ಗಮನಾರ್ಹ ಬದಲಾವಣೆಯೇ ಇಲ್ಲ. ನಿದ್ರೆಯಲ್ಲಿಯೂ ಅದು ಇಳಿದಿರಲಿಲ್ಲ. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯಿಂದ ದೇಹದ ಚಯಾಪಚಯವೆಲ್ಲ ಏರಿದ ರೋಗಿಗಳಲ್ಲಿಯೂ ಮಿದುಳು ಮಾತ್ರ ತನ್ನ ಹಳೆಯ ಲೆಕ್ಕವನ್ನೇ ಉಳಿಸಿಕೊಂಡಿತ್ತು. ಈ ಒಗಟಿನ ಜಾಡು ಹಿಡಿದ ಅವರು, ಥೈರಾಯ್ಡ್ ಹಾರ್ಮೋನು ಜೀವಕೋಶಗಳಲ್ಲಿ ಪ್ರೋಟೀನ್ ತಯಾರಿಕೆಯನ್ನು ಹೆಚ್ಚಿಸುವ ಬಗೆಯನ್ನು ಹಲವು ವರ್ಷ ಅಧ್ಯಯನ ಮಾಡಿದರು.

ಮೊದಲಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಟ್ಟು ಮೊತ್ತ ಬದಲಾಗದಿದ್ದರೂ ಒಳಗಿನ ಹಂಚಿಕೆ ಬದಲಾಗುತ್ತಿರಬಹುದು. ಅದನ್ನು ಕಾಣಬೇಕಾದರೆ ಮಿದುಳಿನ ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಮಿದುಳಿನ ಮುಖ್ಯ ಇಂಧನ ಗ್ಲುಕೋಸ್. ಆದರೆ ಅದು ಜೀವಕೋಶದೊಳಗೆ ಬೇಗನೆ ಕರಗಿ ಬೇರೆ ರೂಪ ತಾಳುವುದರಿಂದ ಅದರ ಗುರುತು ಉಳಿಯುವುದಿಲ್ಲ. ಸೊಕೊಲಾಫ್ ಇದಕ್ಕಾಗಿ ಡಿಆಕ್ಸಿಗ್ಲುಕೋಸ್ ಎಂಬ ಸಂಯುಕ್ತವನ್ನು ಆರಿಸಿಕೊಂಡರು. ಗ್ಲುಕೋಸ್‌ಗಿಂತ ಒಂದು ಆಮ್ಲಜನಕ ಪರಮಾಣು ಮಾತ್ರ ಕಡಿಮೆಯಿರುವ ಇದನ್ನು ಜೀವಕೋಶವು ಸಕ್ಕರೆಯೆಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತದೆ. ಹೆಕ್ಸೊಕೈನೇಸ್ ಎಂಬ ಕಿಣ್ವವು ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಮುಂದಿನ ಹಂತಕ್ಕೆ ಅದು ಹೋಗಲಾರದು, ಸುಲಭವಾಗಿ ಹೊರಬರಲೂ ಆರದು. ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿನಂತೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಎಲ್ಲಿ ಕೆಲಸ ಹೆಚ್ಚೋ ಅಲ್ಲಿ ಅದರ ಸಂಗ್ರಹವೂ ಹೆಚ್ಚು.

ವಿಕಿರಣಶೀಲ ಇಂಗಾಲದಿಂದ ಗುರುತಿಸಿದ ಈ ದ್ರವ್ಯವನ್ನು ಪ್ರಾಣಿಗಳಿಗೆ ಚುಚ್ಚಿ, ಸುಮಾರು 45 ನಿಮಿಷಗಳ ನಂತರ ಮಿದುಳಿನ ತೆಳುಪದರಗಳನ್ನು ಫಿಲ್ಮಿನ ಮೇಲೆ ಇರಿಸಿದಾಗ ದುಡಿದ ಭಾಗಗಳು ಕಪ್ಪಾಗಿ ಮೂಡಿದವು. ಕೋತಿಯ ಒಂದು ಕಣ್ಣನ್ನು ಮುಚ್ಚಿದಾಗ, ದೃಷ್ಟಿಗೆ ಸಂಬಂಧಿಸಿದ ಮಿದುಳ ಹೊರಪದರದಲ್ಲಿ ಎರಡು ಕಣ್ಣುಗಳ ಪಾಲು ಪಟ್ಟೆಪಟ್ಟೆಯಾಗಿ ಬೇರೆಬೇರೆಯಾಗಿ ಕಾಣಿಸಿತು. ಇಡೀ ವಿಧಾನದ ಗಣಿತಸಹಿತ ವಿವರಣೆ 1977ರಲ್ಲಿ ಪ್ರಕಟವಾಯಿತು.

ಮನುಷ್ಯರಲ್ಲಿ ಇದನ್ನು ಬಳಸಬೇಕಾದರೆ ದೇಹದ ಹೊರಗಿನಿಂದಲೇ ಅಳೆಯಬಲ್ಲ ಗುರುತು ಬೇಕಿತ್ತು. ಬ್ರೂಕ್‌ಹೇವನ್ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞರು ಫ್ಲೋರಿನ್-18 ಸೇರಿಸಿ ಎಫ್‌ಡಿಜಿ ಎಂಬ ರೂಪವನ್ನು ಸಿದ್ಧಪಡಿಸಿದರು. ಸುಮಾರು 110 ನಿಮಿಷಗಳಲ್ಲಿ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಆದ್ದರಿಂದ 1976ರಲ್ಲಿ ಅದನ್ನು ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ತಂದು ಮೊದಲ ಬಾರಿಗೆ ಮನುಷ್ಯರಿಗೆ ನೀಡಲಾಯಿತು. ಪೆಟ್ ಯಂತ್ರಗಳೊಡನೆ ಸೇರಿದ ಈ ದ್ರವ್ಯವು ಅಪಸ್ಮಾರದ ಮೂಲಸ್ಥಾನವನ್ನು ಹುಡುಕಲು, ಮರೆವಿನ ರೋಗಗಳನ್ನು ಬೇರ್ಪಡಿಸಿ ಅರಿಯಲು ನೆರವಾಯಿತು. ಕ್ಯಾನ್ಸರ್ ಕೋಶಗಳಲ್ಲಿ ಹಲವು ಸಕ್ಕರೆಯನ್ನು ಅತಿಯಾಗಿ ಹೀರುವುದರಿಂದ ಅವುಗಳನ್ನೂ ಅದು ಪತ್ತೆ ಹಚ್ಚತೊಡಗಿತು.

1981ರಲ್ಲಿ ಸೊಕೊಲಾಫ್ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು. ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಅವರು 2015ರಲ್ಲಿ, 93ನೆಯ ವಯಸ್ಸಿನಲ್ಲಿ ನಿಧನರಾದರು.

ಈ ಪರೀಕ್ಷೆಗೆ ಮುನ್ನ ಹಲವು ಗಂಟೆ ಉಪವಾಸವಿರಲು ಹೇಳುತ್ತಾರೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಗುರುತಿನ ಸಕ್ಕರೆಗೆ ಎಡೆ ಸಿಗುವುದಿಲ್ಲ. ಮಿದುಳಿನ ಪರೀಕ್ಷೆಯಾದರೆ, ಚುಚ್ಚುಮದ್ದಿನ ನಂತರ ಮಬ್ಬುಬೆಳಕಿನ ಕೋಣೆಯಲ್ಲಿ ಮಾತನಾಡದೆ, ಓದದೆ ಕುಳಿತಿರಲು ಸೂಚಿಸುತ್ತಾರೆ. ಬೇಸರಪಡುವ ಹಿರಿಯರಿಗೆ ಇದರ ಕಾರಣವನ್ನು ನಾವು ದೂರವಾಣಿಯಲ್ಲಿಯೇ ತಿಳಿಸಬಹುದು: ಆ ಹೊತ್ತಿನಲ್ಲಿ ನೋಡಿದ್ದು, ಆಡಿದ್ದು, ಓದಿದ್ದು ಎಲ್ಲವೂ ಚಿತ್ರದಲ್ಲಿ ತನ್ನ ಲೆಕ್ಕವನ್ನು ಬರೆಯುತ್ತದೆ.