ಹೆಂಡತಿಯ ಮಾತು ಕೇಳಿದ ಮಾರಯ್ಯ

ಹೆಂಡತಿಯ ಮಾತಿಗೆ ತಲೆಬಾಗುವವನನ್ನು ನಾವು ‘ಅಮ್ಮಾವ್ರ ಗಂಡ’ ಎಂದು ಹಂಗಿಸುತ್ತೇವೆ. ಪುಣೆಯ ನಮ್ಮ ಮರಾಠಿ ನೆರೆಯವರು ‘ಬಾಯಕೋಚಾ ಬೈಲ್’ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಅದು ಗಂಡಸುತನಕ್ಕೆ ಕುಂದು. ಆದರೆ 12ನೆಯ ಶತಮಾನದ ಶರಣರು ಹಾಗೆಣಿಸಲಿಲ್ಲ ಎಂಬುದಕ್ಕೆ ಆಯ್ದಕ್ಕಿ ಮಾರಯ್ಯನೇ ಸಾಕ್ಷಿ.

ಮಾರಯ್ಯ, ಲಕ್ಕಮ್ಮ ದಂಪತಿಗಳೂ ನಮ್ಮಂತೆ ಊರು ಬಿಟ್ಟು ಬಂದವರು. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಬಂದು ನೆಲೆಸಿದರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಶೂನ್ಯಸಂಪಾದನೆಯಲ್ಲಿ ಬರುವಂತೆ, ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತನ್ನು ನೆನಪಿಸಿದವಳು ಲಕ್ಕಮ್ಮ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇದು ಆಸೆಯೆಂದು ತಿಳಿಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಈಕೆ ಕಳಿಸಿದಳು. ಮಾರಯ್ಯ ಹಾಗೆಯೇ ಮಾಡಿದ.

ಅದಕ್ಕಾಗಿ ಶರಣರು ಆತನನ್ನು ನಗೆಗೀಡು ಮಾಡಲಿಲ್ಲ, ತಮ್ಮ ಸಾಲಿನಲ್ಲೇ ಇಟ್ಟುಕೊಂಡರು. ತಿದ್ದಿದವಳೂ ಗಂಡನನ್ನು ಕೀಳಾಗಿ ಕಾಣಲಿಲ್ಲ. ಈಕೆಯ ವಚನಗಳ ಅಂಕಿತವೇ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’.

ತಿಂಗಳ ಸಂಬಳದಲ್ಲಿ ಸಾಗುವ ನಮ್ಮ ಸಂಸಾರಗಳಲ್ಲೂ ‘ಇಷ್ಟು ಸಾಕು’ ಎನ್ನುವವಳು ಹೆಚ್ಚಾಗಿ ಗೃಹಿಣಿಯೇ. ಅದಕ್ಕೆ ಒಪ್ಪುವ ಗಂಡನನ್ನು ಹಂಗಿಸುವ ಮುನ್ನ ಮಾರಯ್ಯನನ್ನು ನೆನೆಯೋಣ.