ಛಾಯಾಚಿತ್ರವೂ ಪರೀಕ್ಷಕರ ಮಾತೂ

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳನ್ನು ಕಂಡವರಿಗೆ ಚಂದ್ರಂಕಿಯೆಂದರೇನೆಂದು ಹೇಳಬೇಕಾಗಿಲ್ಲ. ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ ಅದು. ಈ ಸೀಮೆಯ ತರುಣನೊಬ್ಬನು, ಹುಳುಗಳನ್ನು ಚಂದ್ರಂಕಿಗೆ ಬಿಡುತ್ತಿದ್ದ ತನ್ನ ತಾಯಿಯ ಕೈಗಳ ಚಿತ್ರವನ್ನು ತೆಗೆದು ಒಂದು ಸ್ಪರ್ಧೆಗೆ ಕಳುಹಿಸಿದನು. ಬಹುಮಾನ ಬರಲಿಲ್ಲ, ಪರೀಕ್ಷಕರ ಅಭಿಪ್ರಾಯ ಬಂದಿತು. ಕಿಟಕಿಯ ಭಾಗ ಬರಿಯ ಬಿಳುಪಾಗಿದೆ. ಬಲಗೈ ಅಲುಗಿ ಮಸುಕಾಗಿದೆ. ಹೆಂಗಸಿನ ಮುಖವೇ ಕಾಣದು. ಹೀಗೆ ಮೂರು ಆಕ್ಷೇಪಗಳು. ಅವನು ಆ ಕಾಗದವನ್ನು ನನ್ನ ಮುಂದಿಟ್ಟು, "ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ, ಮೇಷ್ಟರೆ" ಎಂದನು. ಅವನಿಗೆ ಆ ದಿನ ಹೇಳಿದ ಹಳೆಯ ಸಂಗತಿಗಳನ್ನೇ ವಾಚಕರ ಮುಂದೆ ಇಡುತ್ತಿದ್ದೇನೆ.

ಈ ಕಲೆಗೆ ಪರೀಕ್ಷಕರ ತೀರ್ಪು ನಮ್ಮ ನಾಡಿನಲ್ಲಿ ಹೊಸತಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಆಂಗ್ಲೇಯ ಅಧಿಕಾರಿಯು 1854ರ ಕೊನೆಯಲ್ಲಿ ಹಳೇಬೀಡು ಬೇಲೂರುಗಳಿಗೆ ಹೋಗಿ ಅಲ್ಲಿನ ದೇವಾಲಯಗಳ ಚಿತ್ರಗಳನ್ನು ತೆಗೆದನು. ಅವನ ನೆಗೆಟಿವು ಗಾಜಿನದಲ್ಲ, ಔಷಧ ಲೇಪಿಸಿದ ಕಾಗದದ್ದು. ಮರುವರ್ಷ ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ 68 ಚಿತ್ರಗಳನ್ನಿಟ್ಟನು. ಕಾಗದದ ಮೇಲಣ ದೃಶ್ಯಚಿತ್ರಗಳಲ್ಲಿ ಇದೇ ಶ್ರೇಷ್ಠವಾದ ಶ್ರೇಣಿಯೆಂದು ಅಲ್ಲಿನ ತೀರ್ಪುಗಾರರು ನಿರ್ಣಯಿಸಿದರು. ಹೊಯ್ಸಳ ಶಿಲ್ಪಿಗಳ ಕೈಕೆಲಸವು ಹೀಗೆ ಛಾಯೆಯ ರೂಪದಲ್ಲಿ ಮೊದಲ ಬಾರಿಗೆ ಪರೀಕ್ಷೆಗೆ ನಿಂತು ಗೆದ್ದಿತೆನ್ನಬಹುದು.

ಹೊಗಳಿಕೆ ಬಂದಮಾತ್ರಕ್ಕೆ ಕೈಯ ಕೆಲಸ ಮುಗಿಯಿತೆ? ಆ ಕಾಲದ ಔಷಧಗಳಲ್ಲಿ ಆಕಾಶವು ಮೋಡದ ಸುಳಿವಿಲ್ಲದೆ ಬರಿಯ ಬಿಳುಪಾಗಿ ಮೂಡುತ್ತಿತ್ತು. ಟ್ರೈಪನು 1855ರಲ್ಲಿ ಬರ್ಮಾದೇಶಕ್ಕೆ ಹೋದಾಗ ತೆಗೆದ ಚಿತ್ರಗಳಲ್ಲಿ, ನೆಗೆಟಿವಿನ ಮೇಲೆ ಕುಂಚವಾಡಿಸಿ ಮೋಡಗಳನ್ನು ಮೂಡಿಸಿದನು. ನಮ್ಮ ತರುಣನ ಕಿಟಕಿಯ ದೋಷವೂ ಇದೇ ಜಾತಿಯದು. ಕಣ್ಣು ಕಂಡದ್ದನ್ನೆಲ್ಲ ಯಂತ್ರವು ಹಿಡಿಯಲಾರದು. ಆ ಕೊರತೆಯನ್ನು ಅರಿತು ನೀಗಿಸುವುದು ಕುಶಲಿಯ ಧರ್ಮ.

ಅದೇ ಟ್ರೈಪನು ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾದನು. ಆದರೆ 1859ರಲ್ಲಿ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ನನು, ಇದು ಬೊಕ್ಕಸಕ್ಕೆ ತಾಳದ ವಿಲಾಸವೆಂದು ಬಗೆದು ಆ ಕಾರ್ಯವನ್ನೇ ನಿಲ್ಲಿಸಿಬಿಟ್ಟನು. ಕಲಾಪರೀಕ್ಷಕರು ನೋಡಿದ್ದು ಚಿತ್ರವನ್ನು, ಗವರ್ನರನು ನೋಡಿದ್ದು ಲೆಕ್ಕವನ್ನು. ಇಂದು ಆ ಚಿತ್ರಗಳು ಪ್ರಸಿದ್ಧ ಸಂಗ್ರಹಾಲಯಗಳಲ್ಲಿ ಜತನವಾಗಿವೆ.

ಇನ್ನೊಂದು ನಿದರ್ಶನವುಂಟು. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆ ನಲವತ್ತೆಂಟನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು ಮುಖಚಿತ್ರಗಳನ್ನು ತೆಗೆದರು. ಲಂಡನ್ನಿನ ವಿಮರ್ಶಕರು ಆಕೆಯ ಚಿತ್ರಗಳು ಮಸುಕೆಂದರು. ಗಾಜಿನ ಫಲಕದ ಮೇಲೆ ಗೀರು ಕಲೆಗಳಿವೆಯೆಂದೂ ಹಳಿದರು. ಅದೇ ಕಾಲದಲ್ಲಿ ಬರ್ಲಿನ್ನಿನ ಪ್ರದರ್ಶನಗಳು ಆಕೆಗೆ 1865ರಲ್ಲಿ ಕಂಚಿನ ಪದಕವನ್ನೂ 1866ರಲ್ಲಿ ಚಿನ್ನದ ಪದಕವನ್ನೂ ಕೊಟ್ಟವು. ಗೀರು ಬಿದ್ದದ್ದು ಕೈಯ ಅಜಾಗ್ರತೆಯಿರಬಹುದು. ಮಸುಕಾದರೋ ಆಕೆ ಬೇಕೆಂದೇ ಇರಿಸಿಕೊಂಡದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ವಿಮರ್ಶಕರ ತಪ್ಪು. ಎರಡನ್ನೂ ಒಂದೇ ಏಟಿಗೆ ತಳ್ಳಿಹಾಕಿದರೆ ಅದು ಕಲಾವಿದನ ತಪ್ಪಾಗುತ್ತದೆ.

ಈ ವಿವೇಕವು ಕನ್ನಡಿಗರಿಗೆ ಪರಕೀಯವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಅಲಂಕಾರಗಳ ವಿಚಾರ ಬರುವುದು ಅದರ ಅನಂತರ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದೇ ಗುಣದೋಷ ವಿವೇಚನೆಯಿಂದ ಆರಂಭವಾಗುವುದಾದರೆ, ವಿಮರ್ಶೆಯನ್ನು ಅವಮಾನವೆಂದು ತಿಳಿಯುವುದು ನಮಗೆ ತಕ್ಕದ್ದಲ್ಲ.

ಬೆಂಗಳೂರಿನಲ್ಲಿ ಛಾಯಾಗ್ರಹಣದ ಅಭ್ಯಾಸವು ಬೆಳೆದದ್ದೂ ಇಂತಹ ತಿದ್ದುಪಾಟಿನಿಂದಲೇ. ಡಾಕ್ಟರ್ ಜಿ. ಥಾಮಸ್ ಅವರು 1953ರಲ್ಲಿ ಅಖಿಲಭಾರತದ ಛಾಯಾಚಿತ್ರಸಂಘಗಳ ಒಕ್ಕೂಟವನ್ನು ಸ್ಥಾಪಿಸಿದರು. ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಟಿ. ಎನ್. ಎ. ಪೆರುಮಾಳ್ ಅವರಿಗೆ ಒ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನ ದೊರೆತಿತ್ತು. ಬಲ್ಲವನೊಬ್ಬನು ಪಕ್ಕದಲ್ಲಿ ನಿಂತು ಹೇಳುವ ಮಾತು ಯಾವ ಪುಸ್ತಕಕ್ಕೂ ಕಡಮೆಯಾದುದಲ್ಲ.

ಇಷ್ಟನ್ನು ಹೇಳಿ ಆ ಕಾಗದವನ್ನು ಮತ್ತೆ ಓದಿಸಿದೆನು. ಮೊದಲಿನ ಎರಡು ಆಕ್ಷೇಪಗಳು ಕೈಯ ದೋಷಗಳು. ಅವನ್ನು ತಲೆಬಾಗಿ ಒಪ್ಪಬೇಕು. ಮೂರನೆಯದು ಪರೀಕ್ಷಕರ ಅಪೇಕ್ಷೆ. "ಮುಖವನ್ನು ಏಕೆ ಬಿಟ್ಟೆ?" ಎಂದು ಕೇಳಿದೆನು. "ಅಮ್ಮನ ಕೆಲಸವೆಲ್ಲ ಕೈಯಲ್ಲೇ ಕಾಣುತ್ತದೆ" ಎಂದನು. ಇಷ್ಟು ನಿಶ್ಚಯವಾದ ಉತ್ತರವುಳ್ಳವನು ಆ ಆಕ್ಷೇಪವನ್ನು ಗೌರವದಿಂದ ಬದಿಗಿಡಬಹುದು.

ಮುಂದಿನ ಬೆಳೆಯಲ್ಲಿ ಅವನು ಕಿಟಕಿಗೆ ತೆಳುವಾದ ಬಟ್ಟೆ ಕಟ್ಟಹೋದಾಗ ತಾಯಿ ನಕ್ಕು, "ಹುಳಕ್ಕೂ ಅಷ್ಟು ಬೆಳಕು ಆಗದು, ಮೊದಲೇ ಕಟ್ಟಬಾರದಿತ್ತೆ?" ಎಂದಳಂತೆ. ಹೊಸ ಚಿತ್ರದಲ್ಲಿ ಎರಡು ಕೈಗಳೂ ಸ್ಫುಟವಾಗಿವೆ; ಮುಖ ಈಗಲೂ ಇಲ್ಲ. ಅದನ್ನು ಮತ್ತೆ ಸ್ಪರ್ಧೆಗೆ ಕಳುಹಿಸಿದ್ದಾನೆ. ಈ ಸಲ ಬಹುಮಾನದ ಮಾತನ್ನು ಅವನು ಎತ್ತಲಿಲ್ಲ. ಅಭಿಪ್ರಾಯದ ಕಾಗದ ಎಂದಿಗೆ ಬರುವುದೆಂದು ಮಾತ್ರ ಕೇಳುತ್ತಿರುತ್ತಾನೆ.